ನಾಲ್ಕನೇ ಡಬ್ಬಿ

ಮಂಡಕ್ಕಿ ಹುರಿಯುವವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಮೊದಲ ಕಾಳು ಟಪ್ ಎನ್ನುತ್ತದೆ. ಆಮೇಲೆ ಎರಡು, ಆಮೇಲೆ ನಾಲ್ಕು. ಅಲ್ಲಿಂದ ಇಪ್ಪತ್ತು ಎಣಿಸುವಷ್ಟರಲ್ಲಿ ಇಡೀ ಬಾಣಲೆ ಸಿಡಿದುಬಿಡುತ್ತದೆ. ಆ ಇಪ್ಪತ್ತರೊಳಗೆ ಜರಡಿ ಕೈಗೆ ಬರದಿದ್ದರೆ ಮಂಡಕ್ಕಿ ಬಟ್ಟಿ ಬಿಟ್ಟು ಬೇರೆ ಕಸುಬು ನೋಡಿಕೊಳ್ಳಬೇಕು ಎಂದು ಅನಸೂಯಳ ಅಪ್ಪ ಹೇಳುತ್ತಿದ್ದ.

ಅಪ್ಪ ಕೆಮ್ಮಿ ಕೆಮ್ಮಿ ಸತ್ತು ಹನ್ನೊಂದು ವರ್ಷವಾಯಿತು. ಬಟ್ಟಿಪೇಟೆಯ ಗಂಡಸರು ಸಾಯುವುದೇ ಹಾಗೆ. ನಲವತ್ತು ವರ್ಷ ಹಳೇ ಟೈರು ಸುಟ್ಟು ಮಂಡಕ್ಕಿ ಹುರಿದ ಪೇಟೆ ಅದು. ಮಂಡಕ್ಕಿ ಬೆಳ್ಳಗೆ ಊರೂರಿಗೆ ಹೋಯಿತು, ಮಸಿ ಮಾತ್ರ ಹುರಿದವರ ಎದೆಯಲ್ಲೇ ಉಳಿಯಿತು. ಅಪ್ಪನ ಆಸ್ತಿಯೆಂದು ಅನಸೂಯಳಿಗೆ ಬಂದದ್ದು ಅವನ ಕಿವಿಯೊಂದೇ. ಅದನ್ನೇ ಅವಳು ಈಗ ಕಾವಲು ಕೇಂದ್ರದ ಆಲಿಸುವ ಕೋಣೆಯಲ್ಲಿ ದುಡಿಸುತ್ತಿದ್ದಳು.

ಕಾವಲು ಯೋಜನೆ ಬಂದದ್ದೂ ಆ ಮಸಿ ಹಿಡಿದ ಎದೆಗಳಿಗಾಗಿಯೇ. ಎಲ್ಲರ ರಕ್ತದಲ್ಲೂ ಹುಟ್ಟಿನಿಂದ ಕೊಲ್ಲುವ ಕೋಶಗಳಿರುತ್ತವೆ. ಅವು ಮೈಯೆಲ್ಲ ಗಸ್ತು ತಿರುಗುತ್ತ, ಎದುರಾದ ಪ್ರತಿ ಕೋಶದ ಮೈಮೇಲಿನ ಗುರುತನ್ನು ತಡವಿ ನೋಡುತ್ತವೆ. ಗುರುತು ಮನೆಯವರದ್ದಾದರೆ ಮುಂದೆ ಹೋಗುತ್ತವೆ. ಕೆಟ್ಟದ್ದೋ ಹೊರಗಿನದ್ದೋ ಆದರೆ ಅಂಟಿಕೊಂಡು ಎರಡು ರಸ ಸುರಿಸುತ್ತವೆ. ಮೊದಲನೆಯದು ಆ ಕೋಶದ ಗೋಡೆಗೆ ಕನ್ನ ಕೊರೆಯುತ್ತದೆ. ಎರಡನೆಯದು ಕನ್ನದೊಳಗೆ ನುಗ್ಗಿ, ಆ ಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಹಾಗೆ ಮಾಡುತ್ತದೆ. ಇದರ ಜೊತೆಗೆ ಮೂರನೆಯದೊಂದು ಅಣುವನ್ನೂ ರಕ್ತಕ್ಕೆ ಬಿಡುತ್ತವೆ. ಅದು ಕೂಗು, ಇಲ್ಲೊಬ್ಬ ಸಿಕ್ಕಿದ್ದಾನೆ, ಬನ್ನಿ ಎಂಬ ಕೂಗು. ಕೇಳಿ ಓಡಿಬಂದವು ತಾವೂ ಕೂಗುತ್ತವೆ.

ಕ್ಯಾನ್ಸರ್ ಈ ಕಾವಲಿನ ಕಣ್ಣಿಗೆ ಮಣ್ಣೆರಚುತ್ತದೆ. ಅದಕ್ಕೇ ವಿಜ್ಞಾನಿಗಳು ಸುಲಭಕ್ಕೆ ಮೋಸಹೋಗದ ಹೊಸ ಕಾವಲು ಕೋಶಗಳನ್ನು ಕಾರ್ಖಾನೆಯಲ್ಲಿ ಬೆಳೆಸಿದರು. ಆದರೆ ಕಾರ್ಖಾನೆಯಲ್ಲಿ ಹುಟ್ಟಿದವಕ್ಕೆ ಯಾವ ಮೈ ಯಾರದು ಎಂದು ಗೊತ್ತಿರುವುದಿಲ್ಲ, ಕಲಿಸಬೇಕು. ಒಬ್ಬೊಬ್ಬರಿಂದಲೂ ಒಂದು ಡಬ್ಬಿ ಉಗುಳು ತೆಗೆದುಕೊಂಡರೆ ಅದರಲ್ಲಿ ಬಾಯಿಯ ಕೋಶಗಳು ತೇಲುತ್ತಿರುತ್ತವೆ. ಹೊಸ ಕಾವಲುಗಾರರನ್ನು ಅವುಗಳ ಮೇಲೆ ಬಿಡುತ್ತಾರೆ. ಕಚ್ಚಲು ಹೋದವನ್ನು ಎಸೆದು, ಸುಮ್ಮನಿದ್ದವನ್ನು ಮಾತ್ರ ಸೂಜಿಗೆ ತುಂಬಿ ಆ ಮನುಷ್ಯನಿಗೆ ಚುಚ್ಚುತ್ತಾರೆ. ಚುಚ್ಚಿಸಿಕೊಂಡ ದೊಡ್ಡವರ ತೋಳಿಗೆ ಒಂದು ಕರಿ ಬಿಲ್ಲೆ ಅಂಟಿಸುತ್ತಾರೆ. ಒಳಗಿನ ಕೂಗನ್ನು ಅಳೆದು ಅದು ಕೇಂದ್ರಕ್ಕೆ ಕಳಿಸುತ್ತದೆ. ಕೂಗು ಮಿತಿ ಮೀರಿದವರನ್ನು ಯಂತ್ರ ಆರಿಸಿ ಕೊಡುತ್ತದೆ, ಅನಸೂಯ ಆ ಕೂಗನ್ನು ಕಿವಿಯ ಯಂತ್ರದಲ್ಲಿ ಕೇಳುತ್ತಾಳೆ. ಕೂಗಿನ ಸದ್ದು ಹೇಗಿರಬೇಕೆಂದು ಯಂತ್ರ ಮಾಡಿದವರು ಕೇಳಿದಾಗ ಅವಳೇ ಹೇಳಿಕೊಟ್ಟಿದ್ದಳು, ಮಂಡಕ್ಕಿ ಸಿಡಿದ ಹಾಗೆ ಇರಲಿ ಎಂದು.

ಈಗ ಆ ಸದ್ದು ಕೇಳಿದರೆ ಕಿವಿಯ ಯಂತ್ರ ಕಿತ್ತೆಸೆಯಬೇಕು ಎನ್ನಿಸುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಕಿವಿಯಲ್ಲಿದ್ದವಳು ಕುಸುಮಾ. ಇಪ್ಪತ್ತೆರಡು ವರ್ಷ, ಮದುವೆಯಾಗಿ ಎಂಟು ತಿಂಗಳು. ಗಾಜಿನ ಆಚೆ ವಾರ್ಡಿನಲ್ಲಿ ಅವಳು ಕೆಂಡದಂತೆ ಕಾಯುತ್ತ ಮಲಗಿದ್ದಳು. ಅಂಗೈಯ ಚರ್ಮ ಸುಟ್ಟುಕೊಂಡವರ ಹಾಗೆ ಸುಲಿದು ಬರುತ್ತಿತ್ತು. ಇತ್ತ ಅನಸೂಯಳ ಕಿವಿಯಲ್ಲಿ ಬಾಣಲೆ ಪೂರಾ ಸಿಡಿಯುತ್ತಿತ್ತು, ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಬೆರಳು ತೂರಿಸಲು ಜಾಗವಿಲ್ಲದ ಹಾಗೆ. ಹನ್ನೊಂದು ಗಂಟೆಗೆ ಅದು ತೆಳುವಾಯಿತು. ಆಮೇಲೆ ನಿಂತೇಹೋಯಿತು.

ವಾರ್ಡಿನಲ್ಲಿ ಕುಸುಮಾಳ ಅತ್ತೆ ಸೊಸೆಯ ಹಣೆ ಮುಟ್ಟಿ ನೋಡಿ ಕೈ ಮುಗಿದಳು. "ಸದ್ಯ ಜ್ವರ ಬಿಡ್ತು ಕಣವ್ವ. ಮೈ ತಣ್ಣಗಾಯ್ತು," ಎಂದು ನರ್ಸಿಗೆ ಹೇಳಿದಳು.

ಅನಸೂಯ ಕಿವಿಯಿಂದ ಯಂತ್ರ ತೆಗೆದಿಟ್ಟಳು. ಹಿಂದಿನ ಇಬ್ಬರದ್ದೂ ಹೀಗೇ ಆಗಿತ್ತು. ಕೊಲ್ಲಲು ಏನೂ ಉಳಿಯದಾಗ ಕಾವಲುಗಾರರು ಕೂಗುವುದನ್ನು ನಿಲ್ಲಿಸುತ್ತಾರೆ, ಜ್ವರ ಇಳಿಯುತ್ತದೆ, ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಕುಸುಮಾಳಿಗೆ ಅಷ್ಟು ಹೊತ್ತೂ ಸಿಗಲಿಲ್ಲ.

ಅವಳು ಮೂರನೆಯವಳು. ಇನ್ನೂ ಆರು ಮಂದಿ ವಾರ್ಡಿನಲ್ಲಿದ್ದರು. ಒಂಬತ್ತೂ ಹೆಂಗಸರು, ಒಂಬತ್ತೂ ಸೊಸೆಯಂದಿರು, ಎಲ್ಲರದ್ದೂ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪೇಟೆಯ ಜನ ಇದಕ್ಕೆ ಆಗಲೇ ಕಾರಣ ಕಂಡುಹಿಡಿದಿದ್ದರು. ಕಾಲ್ಗುಣ ಸರಿಯಿಲ್ಲದ ಹುಡುಗಿಯರನ್ನು ತಂದರೆ ಹೀಗೇ ಎಂದು ಕೆಲವರು, ಅತ್ತೆಯರು ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದು ಕೆಲವರು. ಪೊಲೀಸರು ಎರಡು ಮನೆಯ ಅಡುಗೆಮನೆಯಿಂದ ಉಪ್ಪು ಹುಳಿ ಸಮೇತ ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದರು.

"ಸರ್, ತಡೆಮದ್ದು ಕೊಟ್ಟು ನೋಡೋಣ," ಎಂದು ಅನಸೂಯ ಕೇಂದ್ರದ ಡಾಕ್ಟರ್ ಉಮಾಪತಿಗೆ ನಾಲ್ಕನೆಯ ಸಲ ಹೇಳಿದಳು. ತಡೆಮದ್ದು ಎಂದರೆ ಕಾವಲು ಕೋಶಗಳನ್ನು ಕೊಲ್ಲುವ ಮದ್ದು. ಎಡವಟ್ಟಾದರೆ ಇರಲಿ ಎಂದು ಕಾರ್ಖಾನೆಯವರೇ ಮಾಡಿಟ್ಟಿದ್ದು.

"ಇದು ವೈರಸ್ ಆಗಿದ್ರೆ ಏನ್ಮಾಡ್ತೀರಿ ಅನಸೂಯಮ್ಮ? ವೈರಸ್ ಹೊಕ್ಕ ಕೋಶಗಳನ್ನೇ ಅವು ಕೊಲ್ತಾ ಇರಬಹುದು. ಇರೋ ಒಂದು ಕಾವಲನ್ನೂ ನಾವೇ ತೆಗೆದ್ರೆ ಆರೂ ಜನ ಇವತ್ತೇ ಹೋಗ್ತಾರೆ." ಉಮಾಪತಿ ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದರು. "ಅವು ತಪ್ಪು ಮಾಡ್ತಿವೆ ಅನ್ನೋಕೆ ಕಾರಣ ಬೇಕಲ್ವಾ? ಪ್ರತಿಯೊಬ್ಬರ ಡಬ್ಬಿಯಲ್ಲೂ ಪಾಠ ಆಗಿದೆ. ಕಚ್ಚೋ ಒಂದು ಕೋಶವನ್ನೂ ನಾವು ಒಳಗೆ ಬಿಟ್ಟಿಲ್ಲ. ಊಟ ಮಾಡ್ಕೊಂಡು ಬನ್ನಿ, ಹೋಗಿ."

ಮನೆ ಕೇಂದ್ರದಿಂದ ನಾಲ್ಕು ಬೀದಿ ಆಚೆ. ಜಗಲಿಯ ಮೇಲೆ ಏಳು ವರ್ಷದ ಮಗಳು ಸಿಂಚನ ಕುಂಟೆಬಿಲ್ಲೆಯ ಗೆರೆ ಎಳೆದಿಟ್ಟು, ಆಡದೆ ಗೋಡೆಗೊರಗಿ ಕೂತಿದ್ದಳು. ಪಕ್ಕದ ಮನೆಯ ಚೌಡಮ್ಮನ ಬಾಗಿಲು ಮುಚ್ಚಿತ್ತು.

"ಯಾಕೆ ಪುಟ್ಟಿ, ಆಡ್ತಿಲ್ಲ?"

"ನೇತ್ರಕ್ಕ ಬರ್ತೀನಿ ಅಂದಿದ್ಲು, ಬರ್ಲೇ ಇಲ್ಲ."

ನೇತ್ರಾ ಚೌಡಮ್ಮನ ಹೊಸ ಸೊಸೆ. ಬಂದ ಮೊದಲ ತಿಂಗಳೇ ಸಿಂಚನಳಿಗೆ ನಾಲ್ಕು ಎಳೆಯ ಜಡೆ ಹಾಕುವುದನ್ನು ಕಲಿತು, ಬೀದಿಯ ಅರ್ಧ ಮಕ್ಕಳನ್ನು ತನ್ನ ಕಡೆ ಮಾಡಿಕೊಂಡಿದ್ದಳು.

ಒಳಗೆ ಅತ್ತೆ ಹಾಲಮ್ಮ ತಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಹಾಲಮ್ಮ ಅನಸೂಯಳಿಗೆ ಎರಡು ಕಡೆಯಿಂದ ಅತ್ತೆ. ಅಪ್ಪನ ಸ್ವಂತ ಅಕ್ಕ, ಈಗ ಗಂಡ ಕೊಟ್ರೇಶನ ತಾಯಿ. ಆಕೆಯ ಬದುಕಿನ ಹೆಮ್ಮೆಯೆಂದರೆ ಸಾಲಿನಲ್ಲಿ ನಿಲ್ಲುವುದು. ಸೀಮೆಎಣ್ಣೆಯ ಕಾಲದಿಂದ ಗ್ಯಾಸಿನ ಕಾಲದವರೆಗೆ ಈ ಮನೆಯ ಎಲ್ಲ ಸಾಲುಗಳಲ್ಲೂ ನಿಂತವಳು ಅವಳೇ. ದುಡಿಯುವವರು ದುಡಿಯಲಿ, ಓದುವವರು ಓದಲಿ, ಸಾಲಿಗೆ ನಾನಿದ್ದೇನೆ ಎನ್ನುವವಳು. ಸೊಸೆಯ ಮೇಲಿನ ಪ್ರೀತಿಯನ್ನು ಬಾಯಲ್ಲಿ ಹೇಳಿದವಳಲ್ಲ. ಬಿಸಿಲಲ್ಲಿ ಮೂರು ತಾಸು ನಿಂತು ಬಂದು, "ನಿಂದೂ ಮಾಡಿಸ್ಕೊಂಡು ಬಂದೀನಿ" ಎಂದರೆ ಅದೇ ಪ್ರೀತಿ.

"ರೇಷನ್ ಅಂಗಡ್ಯಾಗೆ ಹೊಸ ತಕರಾರು ಶುರುವಾಗೈತೆ," ಎಂದು ರೊಟ್ಟಿ ಬಡಿಸುತ್ತ ಹಾಲಮ್ಮ ಹೇಳಿದಳು. "ಮನೆ ಮಂದಿಯೆಲ್ಲ ಬಂದು ಬೆರಳು ಒತ್ತಬೇಕಂತೆ. ಕೆಲಸ ಬಿಟ್ಟು ಎಲ್ರೂ ಹೋಗಿ ನಿಲ್ಲಾಕೆ ಆಗ್ತತಾ? ನಿಮ್ಮ ಕಾವಲಿನೋರೇ ವಾಸಿ ನೋಡವ್ವ. ಉಗುಳಾದ್ರೆ ಒಬ್ರೇ ಕೊಡಬಹುದು. ಬೆರಳು ಹೆಂಗೆ ಕೊಡಾದು?"

ಅನಸೂಯಳ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ನಿಂತಿತು.

"ಒಬ್ರೇ ಕೊಡಬಹುದು ಅಂದ್ರೆ?"

"ಆಷಾಢದಾಗೆ ಡಬ್ಬಿ ಕೊಟ್ರಲ್ಲ, ಅವತ್ತು. ನೀನು ಆ ಕಡೆ ಬೀದ್ಯಾಗೆ ಡ್ಯೂಟಿ ಮ್ಯಾಲಿದ್ದೆ, ಕೊಟ್ರ ಮಂಡಿಪೇಟೆಗೆ ಹೋಗಿದ್ದ, ಕೂಸು ಸ್ಕೂಲಿಗೆ. ನಾಲ್ಕೂ ಡಬ್ಬಿ ನಾನೇ ಕೊಟ್ಟೆ."

"ನಾಲ್ಕಕ್ಕೂ ನೀವೇ ಉಗುಳಿದ್ರಾ ಅತ್ತೆ?"

"ಒಂದೇ ಮನೆ, ಒಂದೇ ಒಲೆ. ಉಗುಳಿನಾಗೆ ಏನೈತೆ ಬ್ಯಾರೆ?" ಹಾಲಮ್ಮನಿಗೆ ಸೊಸೆಯ ಮುಖ ನೋಡಿ ಈಗ ಅನುಮಾನ ಬಂತು. "ನಾನೊಬ್ಬಳೇ ಅಲ್ಲ ಬಿಡು. ಹೊಸ ಸೊಸೇರು ಆಷಾಢಕ್ಕೆ ತವರಿಗೆ ಹೋಗಿರ್ತಾರೆ, ಅವರ ಹೆಸರಿನ ಸೂಜಿ ಚೀಟಿ ವೇಸ್ಟ್ ಆಗಬಾರದಲ್ಲ? ಇದ್ದೋರನ್ನೂ ಬೀದ್ಯಾಗೆ ನಿಲ್ಲಿಸಿ ಉಗುಳು ಅನ್ನಾಕೆ ಆಗ್ತತಾ? ಎಲ್ಲಾ ಅತ್ತೇರೂ ಹಂಗೇ ಮಾಡಿದ್ರು. ಮೊದ್ಲು ತೋರಿಸಿಕೊಟ್ಟಾಕಿ ನಾನೇ."

ಅನಸೂಯ ರೊಟ್ಟಿಯ ಚೂರನ್ನು ತಟ್ಟೆಗೆ ಇಟ್ಟಳು. ಆಷಾಢದಲ್ಲಿ ಮದುವೆ ಮುಂಜಿ ಇರುವುದಿಲ್ಲ, ಜನ ಪುರಸೊತ್ತಾಗಿ ಸಿಗುತ್ತಾರೆ ಎಂದು ಆ ತಿಂಗಳನ್ನು ಆರಿಸಿದ್ದು ಕೇಂದ್ರದ ದೊಡ್ಡವರು. ಹೊಸ ಸೊಸೆ ಆ ತಿಂಗಳು ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟುವುದಿಲ್ಲ ಎಂದು ಅವರಿಗೆ ಯಾರು ಹೇಳಬೇಕಿತ್ತು? ಅವಳಿಗೆ ಇನ್ನೊಂದೂ ನೆನಪಾಯಿತು. ಅವಳ ಮೇಜಿಗೇ ಒಬ್ಬ ಮುದುಕಿ ಐದು ತುಂಬಿದ ಡಬ್ಬಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಮನೆಯಲ್ಲೇ ತುಂಬಿಸಿಕೊಂಡು ಬಂದೆ, ಹೆಣ್ಮಕ್ಕಳಿಗೆ ನಾಚಿಕೆ ಎಂದಿದ್ದಳು. ಅನಸೂಯ ನಕ್ಕು, ಚೀಟಿಯ ನಂಬರ್ ಹೊಡೆದು, ಐದನ್ನೂ ಒಳಗಿಟ್ಟಿದ್ದಳು. ತನ್ನ ಚೀಟಿಯ ಮುಂದೆ ‘ಬಂದಿದೆ’ ಎಂದು ಕಂಡಾಗಲೂ, ಸಿಬ್ಬಂದಿಯ ಪರೀಕ್ಷೆಗೆ ಕೊಟ್ಟ ರಕ್ತವನ್ನೇ ಲೆಕ್ಕಕ್ಕೆ ಹಿಡಿದಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಕಾವಲುಗಾರರು ಪಾಠ ಕಲಿತದ್ದು ಅತ್ತೆಯರ ಮೈಯಿಂದ. ಅವರನ್ನು ಬಿಟ್ಟದ್ದು ಸೊಸೆಯರ ಮೈಯೊಳಗೆ. ಅತ್ತೆಯ ಗುರುತು ಕಲಿತವಕ್ಕೆ ಬೇರೆ ಮನೆಯಿಂದ ಬಂದ ಹೆಣ್ಣಿನ ಕಣಕಣವೂ ಹೊರಗಿನದು, ಕೊಲ್ಲಬೇಕಾದದ್ದು.

"ಏನಾತವ್ವ? ತಪ್ಪಾತಾ?" ಎಂದಳು ಹಾಲಮ್ಮ.

ಅನಸೂಯ ಎದ್ದಳು. ಕೈ ತೊಳೆಯದೆ ಚಪ್ಪಲಿ ಮೆಟ್ಟಿದಳು. ಜಗಲಿಯಲ್ಲಿ ಸಿಂಚನ "ಅಮ್ಮ, ಮತ್ತೆ ಹೋಗ್ತೀಯಾ?" ಎಂದದ್ದು ಬೀದಿ ತಿರುಗುವಾಗ ಕೇಳಿಸಿತು.

ಓಡುವಾಗ ಲೆಕ್ಕ ಹಾಕಿದಳು. ಅವಳ ಬೀದಿಯ ದೊಡ್ಡವರಿಗೆ ಸೂಜಿಯಾಗಿ ಮೂರು ವಾರ. ಸತ್ತವರು ನಾಲ್ಕನೇ ವಾರಕ್ಕೆ ಸತ್ತಿದ್ದರು, ಒಬ್ಬಳು ಮೂರಕ್ಕೇ. ಮಕ್ಕಳಿಗೆ ಚುಚ್ಚಿ ಹತ್ತು ದಿನ. ಮಕ್ಕಳ ಮೈ ಚಿಕ್ಕದು. ಚಿಕ್ಕ ಬಾಣಲೆ ಬೇಗ ಕಾಯುತ್ತದೆ. ಕಿತ್ತು ಬಿಸಾಡುತ್ತಾರೆಂದು ಮಕ್ಕಳ ತೋಳಿಗೆ ಬಿಲ್ಲೆಯನ್ನೂ ಅಂಟಿಸಿರಲಿಲ್ಲ.

ಉಮಾಪತಿ ಮೊದಲು ನಂಬಲಿಲ್ಲ. ಆಮೇಲೆ ನಂಬಿದರು, ನಂಬಿದ ಮೇಲೆ ಕೂತ ಕುರ್ಚಿಯಿಂದ ಏಳಲಾಗದೆ ಹೋದರು. "ಡಬ್ಬಿ ಡಬ್ಬಿಗೆ ಹೋಲಿಸಿ ನೋಡಬಾರದು ಅಂತ ನಿಯಮ ಇತ್ತು. ಜನರ ಗುಟ್ಟು ಹೊರಗೆ ಹೋಗಬಾರದು ಅಂತ. ಮಗು ಯಾರದ್ದು, ಅಪ್ಪ ಯಾರು ಅಂತೆಲ್ಲ ಬರುತ್ತಲ್ಲ, ಅದಕ್ಕೆ..."

"ಸರ್, ಹೆದರೋದು ಆಮೇಲೆ ಹೆದರೋಣ. ಈಗ ಹೋಲಿಸಿ."

ಯಂತ್ರ ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಆ ಇಪ್ಪತ್ತು ನಿಮಿಷ ಅನಸೂಯ ತನ್ನ ಬಿಲ್ಲೆಯ ನಂಬರನ್ನೇ ಹಾಕಿ ಕಿವಿಗೊಟ್ಟಳು. ತನ್ನ ಮೈಯ ಸದ್ದನ್ನು ಅವಳು ಯಾವತ್ತೂ ಕೇಳಿಸಿಕೊಂಡಿರಲಿಲ್ಲ.

ಟಪ್.

ಅವಳು ಉಸಿರು ಹಿಡಿದಳು. ಒಂಬತ್ತು ಎಣಿಸಿದ ಮೇಲೆ ಮತ್ತೊಂದು. ಟಪ್. ಆಮೇಲೆ ಹನ್ನೆರಡಕ್ಕೆ. ತನ್ನೊಳಗೆ ಎಲ್ಲೋ ಒಬ್ಬ ಕಾವಲುಗಾರ ಅವಳದೇ ಕೋಶವೊಂದಕ್ಕೆ ಅಂಟಿಕೊಂಡು, ಕನ್ನ ಕೊರೆದು, ಇನ್ನೊಬ್ಬನನ್ನು ಕೂಗುತ್ತಿದ್ದಾನೆ. ಇದು ಯಂತ್ರದ ಮಿತಿಗಿಂತ ಕೆಳಗಿನ ಸದ್ದು, ಗೊಣಗಾಟ. ಯಾಕಿಷ್ಟು ನಿಧಾನ ಎಂಬುದು ತಡವಾಗಿ ಹೊಳೆಯಿತು. ಹಾಲಮ್ಮ ಅವಳಿಗೆ ಅತ್ತೆ ಮಾತ್ರವಲ್ಲ, ಅಪ್ಪನ ಒಡಹುಟ್ಟಿದವಳು. ರಕ್ತ ಒಂದಿಷ್ಟು ಒಂದೇ. ಗುರುತು ಕೊಂಚ ಹೊಂದಿದರೆ ಕಾವಲುಗಾರರು ಅನುಮಾನಿಸಿ ಗೊಣಗುತ್ತಾರೆ. ಪೂರಾ ಪರರಾದರೆ ಅರಚುತ್ತಾರೆ. ಸಂಬಂಧದಲ್ಲೇ ಮದುವೆಯಾದ ಒಬ್ಬ ಸೊಸೆಯೂ ಆ ವಾರ್ಡಿನಲ್ಲಿರಲಿಲ್ಲ. ಸಂಬಂಧದಲ್ಲಿ ಕೊಡಬೇಡಿ, ಮಕ್ಕಳಿಗೆ ಒಳ್ಳೆಯದಲ್ಲ ಎಂದು ಮನೆಮನೆಗೆ ಹೋಗಿ ಹೇಳಿದ್ದ ಇದೇ ಅನಸೂಯಳ ಜೀವ ಈಗ ಅದೇ ಸಂಬಂಧದಿಂದ ಉಳಿದಿತ್ತು.

ಸಿಂಚನ ಹಾಲಮ್ಮನ ಮೊಮ್ಮಗಳು. ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಅದೇ ರಕ್ತ. ಅವಳೊಳಗೆ ಗೊಣಗಾಟವೂ ಇರಲಾರದು. ಅನಸೂಯ ಬಾಯಿಬಿಟ್ಟು ಉಸಿರಾಡಿದಳು, ಕಣ್ಣಲ್ಲಿ ನೀರು ತಾನಾಗಿ ಬಂತು.

ಯಂತ್ರ ಮುಗಿಸಿತು. ಡಬ್ಬಿಗಳು ಒಂಬತ್ತು ಸಾವಿರದ ನೂರಾ ಹನ್ನೆರಡು. ಮನುಷ್ಯರು ಆರು ಸಾವಿರದ ನಲವತ್ತು.

ಉಮಾಪತಿ ಪರದೆಯನ್ನು ನೋಡಿದರು, ಎದ್ದರು. ವಾರ್ಡಿನ ಆರು ಮಂದಿಗೂ ಕೂಡಲೇ ತಡೆಮದ್ದು ಕೊಡಿ ಎಂದು ನರ್ಸಿಗೆ ಕೂಗಿದರು. ರಾಜಧಾನಿಗೆ ಫೋನ್ ಮಾಡಿ ಮೂರು ಸಾವಿರ ಬಾಟಲಿ ಬೇಕು ಎಂದರು. ಆ ಕಡೆಯವರು ಮುನ್ನೂರಾ ಎಂದು ಕೇಳಿದ್ದಕ್ಕೆ ಇನ್ನೊಂದು ಸಲ ಹೇಳಿದರು. ಫ್ರಿಜ್ಜಿನಲ್ಲಿದ್ದದ್ದು ನಲವತ್ತು. "ಮೊದಲು ಹೊಸ ಸೊಸೆಯಂದಿರು. ಪಟ್ಟಿ ತೆಗೀರಿ," ಎಂದರು ಅನಸೂಯಳಿಗೆ. ತಾವೇ ಒಂದು ಬಾಟಲಿ ಒಡೆದು ಅವಳ ತೋಳಿಗೆ ಚುಚ್ಚಿದರು.

ಪಟ್ಟಿ ತೆಗೆಯುವ ಮೊದಲು ಅವಳು ಪರದೆಯ ಮೇಲೆ ತನ್ನ ಮನೆಯ ಸಾಲುಗಳನ್ನು ನೋಡಿದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಹಾಲಮ್ಮ: ಹಾಲಮ್ಮನ ಡಬ್ಬಿ. ಕೊಟ್ರೇಶ: ಹಾಲಮ್ಮನ ಡಬ್ಬಿ. ಅನಸೂಯ: ಹಾಲಮ್ಮನ ಡಬ್ಬಿ. ಸಿಂಚನ: ಹೊಂದುವುದಿಲ್ಲ.

ಒಮ್ಮೆ ಓದಿ ಅರ್ಥವಾಗಲಿಲ್ಲ. ಬೆರಳಿಟ್ಟು ಮತ್ತೆ ಓದಿದಳು. ನಾಲ್ಕನೆಯ ಡಬ್ಬಿ ಹಾಲಮ್ಮನದ್ದಲ್ಲ. ಮನೆಯ ಯಾರದ್ದೂ ಅಲ್ಲ. ಯಾವ ರಕ್ತಸಂಬಂಧವೂ ಇಲ್ಲ ಎಂದು ಯಂತ್ರ ಪಕ್ಕದಲ್ಲೇ ಬರೆದಿತ್ತು.

ಫೋನು ಆರು ಸಲ ಬಡಿದ ಮೇಲೆ ಹಾಲಮ್ಮ ಎತ್ತಿದಳು.

"ಅತ್ತೆ, ಸಿಂಚನಳ ಡಬ್ಬಿಗೆ ಉಗುಳಿದ್ದು ಯಾರು?"

"ಯಾಕವ್ವ, ಈಗ ಅದು?"

"ಬೈಯಲ್ಲ ಅತ್ತೆ. ಹೇಳಿ."

"ಅವತ್ತು ಸೋಮವಾರ, ನಂದು ಒಪ್ಪೊತ್ತು. ನೀರೂ ಕುಡೀಬಾರ್ದು ಅಂದಿದ್ರಲ್ಲ ನಿಮ್ಮೋರು. ಮೂರು ತುಂಬಿಸಷ್ಟೊತ್ತಿಗೆ ಬಾಯಿ ಒಣಗಿಹೋತು. ಚೌಡಮ್ಮ ಪಕ್ಕದಾಗೇ ಇದ್ಲು. ತನ್ನದೂ ಸೊಸೇದೂ ತುಂಬಿಸಿದ್ಲು. ಕೊಡು ಹಾಲಕ್ಕ, ಕೂಸಿಂದು ನಾನು ಕೊಡ್ತೀನಿ ಅಂದ್ಲು..." ಹಾಲಮ್ಮನ ದನಿ ಸಣ್ಣಗಾಯಿತು. "ತಿದ್ದಿ ಹೇಳೋದ್ರಾಗೆ ನೀನು ಹಂಗೆ ಓಡಿಹೋದೆ. ನಾಕೂ ನಂದೇ ಅಂತ ಯಾಕೆ ಹೇಳಿದ್ನೋ, ಹೇಳಿಬಿಟ್ಟೆ."

"ಸಿಂಚನ ಎಲ್ಲಿದ್ದಾಳೆ ಈಗ?"

"ಇಲ್ಲೇ ನನ್ ತೊಡೆ ಮ್ಯಾಲೆ. ಬೆಳಿಗ್ಗೆಯಿಂದ ಮೈ ಬೆಚ್ಚಗಿತ್ತು. ಶುಂಠಿ ಕಷಾಯ ಕೊಟ್ಟೀನಿ. ಅಂಗೈ ಕೆರೀತತಿ ಅಂತಾಳೆ."

ಅನಸೂಯ ಒಂದು ಬಾಟಲಿ, ಒಂದು ಸಿರಿಂಜು, ಒಂದು ಬಿಲ್ಲೆ, ಕಿವಿಯ ಯಂತ್ರ ಎತ್ತಿಕೊಂಡಳು. ಉಮಾಪತಿ ಬಾಗಿಲವರೆಗೂ ಹಿಂದೆ ಓಡಿ ಬಂದರು. "ತೂಕ ಎಷ್ಟು?"

"ಹತ್ತೊಂಬತ್ತು ಕೆಜಿ."

"ಕಾಲು ಬಾಟಲಿ, ತೊಡೆಗೆ. ಬಾಣಲೆ ಪೂರಾ ಸಿಡಿದ ಮೇಲೆ ಅದು ಕೆಲಸ ಮಾಡಲ್ಲ ಅನಸೂಯಮ್ಮ. ಗೊತ್ತಲ್ಲ?"

ಗೊತ್ತು ಎನ್ನಲೂ ಅವಳು ನಿಲ್ಲಲಿಲ್ಲ. ಪರದೆಯ ಮೇಲೆ ಪಟ್ಟಿ ಹಾಗೇ ತೆರೆದಿತ್ತು.

ನಾಲ್ಕು ಬೀದಿ ಇಷ್ಟು ಉದ್ದವೆಂದು ಅವಳಿಗೆ ಗೊತ್ತಿರಲಿಲ್ಲ. ಯಾರೋ ಸೈಕಲ್ಲಿನವನು ಬೈದ. ಬಟ್ಟಿಯೊಂದರಿಂದ ಮಂಡಕ್ಕಿ ಸಿಡಿಯುವ ಸದ್ದು ಬೀದಿಗೆ ಬಂತು. ಅವಳು ಕಿವಿ ಮುಚ್ಚಿಕೊಂಡೇ ಓಡಿದಳು.

ಹಾಲಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ, ಮೊಮ್ಮಗಳನ್ನು ತಬ್ಬಿ ಕೂತಿದ್ದಳು. ಹುಡುಗಿಯ ಕೆನ್ನೆ ಕೆಂಪಾಗಿತ್ತು, ತುಟಿ ಒಣಗಿತ್ತು. ಅಂಗೈಯಲ್ಲಿ ಸುಟ್ಟ ಹಾಗೆ ಕೆಂಪು ಮಚ್ಚೆಗಳು. ಅನಸೂಯ ಬಿಲ್ಲೆ ಅಂಟಿಸಿ ಕಿವಿಗೆ ಯಂತ್ರ ಹಾಕಿಕೊಂಡಳು.

ಟಪ್. ಟಪ್. ಟಪ್ ಟಪ್.

ಇದು ಗೊಣಗಾಟವಲ್ಲ. ಎರಡು ನಾಲ್ಕಾಗುವ ಹೊತ್ತು ಇದು. ಅಪ್ಪನ ಲೆಕ್ಕದಲ್ಲಿ ಇಲ್ಲಿಂದ ಇಪ್ಪತ್ತು. ಮೈಯೊಳಗಿನ ಇಪ್ಪತ್ತು ಎಷ್ಟು ಹೊತ್ತಿನದೆಂದು ಯಾರಿಗೆ ಗೊತ್ತು.

"ಹಿಡ್ಕೊಳ್ರಿ ಅತ್ತೆ. ಗಟ್ಟಿಯಾಗಿ."

ಸೂಜಿ ಹೋದಾಗ ಸಿಂಚನ ಕಿರುಚಲಿಲ್ಲ, ಮುಖ ಕಿವುಚಿದಳಷ್ಟೇ. ಕಿರುಚಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅನಸೂಯಳಿಗೆ. ಕಾಲು ಬಾಟಲಿ ಮದ್ದು ಇಳಿಸಿ ಅವಳು ಎಣಿಸತೊಡಗಿದಳು. ಒಂದು. ಸದ್ದು ದಪ್ಪವಾಗುತ್ತಿತ್ತು. ಐದು. ನಾಲ್ಕು ಎಂಟಾಯಿತು. ಹತ್ತಕ್ಕೆ ಬರುವಾಗ ಒಂದರ ಮೇಲೊಂದು ಬೀಳತೊಡಗಿದವು. ಕುಸುಮಾಳ ಬಾಣಲೆ ಕಿವಿಗೆ ಬಂದಂತಾಗಿ ಅನಸೂಯ ಮಗಳ ಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಅಲ್ಲಿ ಬೆರಳಿನ ಗುರುತು ಮೂಡಿತು. ದೇವರೇ, ನನ್ನನ್ನು ತಗೋ ಎಂದುಕೊಂಡಳು. ದೇವರು ಹಾಗೆಲ್ಲ ಅದಲುಬದಲು ಮಾಡುವವನಲ್ಲ, ಅದು ಅವಳಿಗೂ ಗೊತ್ತು. ಹದಿನಾಲ್ಕು. ಹದಿನೈದು. ಹದಿನಾರಕ್ಕೂ ಹದಿನೇಳಕ್ಕೂ ನಡುವೆ ಒಂದು ಖಾಲಿ ಜಾಗ ಬಂತು. ಒಂದೇ ಒಂದು. ಬಟ್ಟಿಯಲ್ಲಿ ಬೆಳೆದವಳಲ್ಲದೆ ಬೇರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ಆಮೇಲೆ ಇನ್ನೊಂದು ಬಂತು.

ಇಪ್ಪತ್ತಾಯಿತು. ಮೂವತ್ತಾಯಿತು. ಸದ್ದು ವಿರಳವಾಗುತ್ತ ಹೋಯಿತು. ಮದ್ದು ಒಬ್ಬೊಬ್ಬನನ್ನೇ ಹುಡುಕಿ ಮುಗಿಸುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಒಂದು ಕಾಳು ಟಪ್ ಎಂದಿತು, ಎಷ್ಟು ಕಾದರೂ ಅದರ ಹಿಂದೆ ಇನ್ನೊಂದು ಬರಲಿಲ್ಲ. ಆದರೆ ಕುಸುಮಾಳದ್ದೂ ಹೀಗೇ ನಿಂತಿತ್ತು. ಅನಸೂಯ ಮಗಳ ಹಣೆಗೆ ಕೆನ್ನೆಯಿಟ್ಟಳು. ಬೆಚ್ಚಗಿತ್ತು. ಇಷ್ಟು ದಿನದಲ್ಲಿ ಜ್ವರ ಇದೆ ಎಂದು ಸಂತೋಷಪಟ್ಟದ್ದು ಅದೇ ಮೊದಲು.

"ಅಮ್ಮ, ನೀರು," ಎಂದಳು ಸಿಂಚನ.

ಹಾಲಮ್ಮ ನೀರು ಕುಡಿಸಿದಳು. ಅರ್ಧ ನೀರು ಮಗುವಿನ ಲಂಗಕ್ಕೆ ಚೆಲ್ಲಿತು.

"ನಿಂತುಹೋತಾ?"

"ನಿಂತುಹೋಯ್ತು ಅತ್ತೆ."

ಹಾಲಮ್ಮ ಲೋಟ ಕೆಳಗಿಟ್ಟಳು. "ನನ್ ಉಗುಳು ನಿನ್ನನ್ನೂ ತಿಂತಿತ್ತು ಅಂತ ಆತಲ್ಲ," ಎಂದಳು. "ಆ ಕುಸುಮಾನ ಅತ್ತೆ, ನಾನು ಹೇಳಿಕೊಟ್ಟಿದ್ದಕ್ಕೇ ತುಂಬಿಸಿದ್ಲು. ನನ್ ಹಿಂದೇ ನಿಂತಿದ್ಲು ಸಾಲಿನಾಗೆ." ಅನಸೂಯ ಮಗಳ ಒದ್ದೆ ಲಂಗ ಹಿಂಡಿದಳು. ಸಮಾಧಾನ ಹೇಳಬೇಕು ಎನ್ನಿಸಿತು, ಆದರೆ ತನ್ನ ಮೇಜಿನ ಐದು ಡಬ್ಬಿಗಳು ಕಣ್ಣಮುಂದೆ ಇದ್ದವು.

ಆಗ ಹಾಲಮ್ಮ ತಲೆಯೆತ್ತಿದಳು.

"ಚೌಡಮ್ಮ ನಮ್ ಕೂಸಿಂದು ತುಂಬಿಸಿದ್ಲು. ಅದಕ್ಕಿಂತ ಮೊದ್ಲು ತನ್ನ ಸೊಸೇದು ತುಂಬಿಸಿದ್ಲಲ್ಲ. ನೇತ್ರಾಂದು."

ಅನಸೂಯಳ ಕಣ್ಣಿಗೆ ಕೇಂದ್ರದ ಪರದೆ ಬಂತು. ಸಿಂಚನಳ ಸಾಲಿನ ಕೆಳಗೇ ಇನ್ನೊಂದು ಸಾಲಿತ್ತು. ಅದೇ ಡಬ್ಬಿ, ಅದೇ ಗುರುತು, ಬೇರೆ ಹೆಸರು. ಅವಳ ಬೆರಳು ಮಗಳ ಹೆಸರಿನ ಮೇಲೇ ನಿಂತಿತ್ತು, ಒಂದು ಗೆರೆ ಕೆಳಗೆ ಇಳಿದಿರಲಿಲ್ಲ. ನೇತ್ರಾಳ ಬಿಲ್ಲೆಯಿಂದ ಯಾಕೆ ಸದ್ದು ಬಂದಿಲ್ಲ ಎಂಬುದಕ್ಕೂ ಉತ್ತರ ಅವಳಿಗೆ ಗೊತ್ತಿತ್ತು. ಮದುಮಗಳ ತೋಳಿನಲ್ಲಿ ಕರಿ ಬಿಲ್ಲೆ ಅಪಶಕುನವೆಂದು ಚೌಡಮ್ಮ ಮರುದಿನವೇ ಕೀಳಿಸಿ ದೇವರ ಗೂಡಿನಲ್ಲಿಟ್ಟಿದ್ದನ್ನು ಇಡೀ ಬೀದಿ ನೋಡಿ ನಕ್ಕಿತ್ತು. ಅನಸೂಯಳೂ ನಕ್ಕಿದ್ದಳು.

ಬಾಟಲಿಯಲ್ಲಿ ಮುಕ್ಕಾಲು ಉಳಿದಿತ್ತು. ಅವಳು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಹಾಲಮ್ಮ ಬರಿಗಾಲಲ್ಲಿ ಹೊಸ್ತಿಲು ದಾಟಿ, ಮುಚ್ಚಿದ ಆ ಬಾಗಿಲನ್ನು ಎರಡೂ ಕೈಯಲ್ಲಿ ಬಡಿಯುತ್ತಿದ್ದಳು.

"ಚೌಡೀ, ಬಾಗಿಲು ತೆಗಿ! ತೆಗಿಯೇ!"

ಚಿಲಕ ಸದ್ದಾಗದ ಹಾಗೆ ನಿಧಾನವಾಗಿ ಸರಿಯಿತು. ಚೌಡಮ್ಮ ಬಾಗಿಲನ್ನು ಒಂದು ಗೇಣು ತೆರೆದು, ತುಟಿಯ ಮೇಲೆ ಬೆರಳಿಟ್ಟಳು. ನಿದ್ದೆಗೆಟ್ಟ ಅವಳ ಮುಖದಲ್ಲಿ ನಿರಾಳವಿತ್ತು.

"ಮೆತ್ತಗೆ ಹಾಲಕ್ಕ, ಈಗ ತಾನೆ ಕಣ್ಣು ಮುಚ್ಚೈತೆ. ಮೂರು ದಿನದಿಂದ ಒದ್ದಾಡ್ತಿತ್ತು, ಆಸ್ಪತ್ರೆಗೆ ಹಾಕಿದ್ರೆ ಬದುಕಿ ಬರಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಸದ್ಯ, ಜ್ವರ ಬಿಡ್ತು. ಮೈ ತಣ್ಣಗಾಗೈತೆ."